ಭಯ್ಯಾ, ಪಡಬೇಡಿ

ಹೊಸ ಮೆಟ್ರೊ ಇಳಿದು ನೇರ ಬಂದದ್ದು ದಿಲ್ಲಿಯ ರೋಹಿಣಿ ಬಡಾವಣೆಯ ಈ ಸಮುದಾಯ ಭವನಕ್ಕೆ. ಇಲ್ಲಿ ಕನ್ನಡ ಕ್ರೈಸ್ತರ ಕ್ರಿಸ್ಮಸ್ ನಾಟಕ. ಪಕ್ಕದಲ್ಲಿ ಕೂತ ಗೆಳತಿ ಸುಗುಣಾಳ ಮಗಳು ರಿಯಾ ದೇವದೂತೆ. ದಿಲ್ಲಿಯಲ್ಲೇ ಬೆಳೆದ ಹುಡುಗಿ. ಕನ್ನಡ ಕೇಳಿ ಗೊತ್ತು, ಆಡಿ ಅಷ್ಟಾಗಿ ಗೊತ್ತಿಲ್ಲ.

ಹ್ಯಾಲೊಜನ್ ದೀಪ ಫಕ್ಕನೆ ಹೊತ್ತಿತು. ಕುರಿಕಾಯುವವನ ಪಾತ್ರದಲ್ಲಿದ್ದ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿರುವ ಸ್ಯಾಮುವೆಲ್, ದೇವರ ಮಹಿಮೆಗೆ ಬೆದರಿ ಬೋರಲು ಬಿದ್ದರು. "ಭಯಪಡಬೇಡಿ" ಎನ್ನಬೇಕಿದ್ದ ರಿಯಾ, ತರಕಾರಿಯವನನ್ನು ಕರೆಯುವ ಹಾಗೆ, "ಭಯ್ಯಾ, ಪಡಬೇಡಿ!" ಎಂದುಬಿಟ್ಟಳು.

ಸಭೆ ಗೊಳ್ಳೆಂದು ನಕ್ಕಿತು. ಮಗುವಿನ ತುಟಿ ನಡುಗಿತು. ಸುಗುಣಾ ನನ್ನ ಕೈ ಹಿಂಡಿದಳು. ಆದರೆ ಏಳಬೇಕಿದ್ದ ಸ್ಯಾಮುವೆಲ್ ಏಳಲೇ ಇಲ್ಲ. ನಗು ತಾನಾಗಿ ನಿಂತಿತು. ರಿಯಾ ಅಳು ಮರೆತು, ತಾನು ನಿಂತಿದ್ದ ಸ್ಟೂಲಿನಿಂದ ಇಳಿದು ಅವರ ಬೆನ್ನು ಮುಟ್ಟಿದಳು.

"ಭಯ್ಯಾ, ಉಠೋ ನಾ. ಹೆದರ್ಬೇಡಿ."

ಅವರು ಎದ್ದರು, ಕಣ್ಣು ಒದ್ದೆಯಾಗಿತ್ತು. ಸುಗುಣಾ ನನ್ನ ಕೈ ಬಿಟ್ಟಳು.

ಏನಾಯಿತೆಂದು ಚಹಾದ ಹೊತ್ತಿಗೆ ಅವರನ್ನೇ ಕೇಳಿದೆ.

"ಬೆಳಕು ಬಿದ್ದಾಗ ನಾಟಕ ಅನ್ನೋದೇ ಮರೆತುಹೋಯ್ತು, ಮೇಡಂ. ನಿಜವಾಗ್ಲೂ ಹೆದರಿದ್ದೆ. ಆದ್ರೆ ಅಲ್ಲಿಂದ ಓಡಿಹೋಗ್ಬೇಕು ಅಂತ ಮಾತ್ರ ಅನ್ನಿಸ್ಲೇ ಇಲ್ಲ."