ಎಡಗಿವಿಗೆ ಒಂದು, ಬಲಗಿವಿಗೆ ಒಂದು

ಈ ಬರಹದಲ್ಲಿ ಕಾಣುವ ಕುಂದುಕೊರತೆಗಳನ್ನು, ಸ್ನೇಹಿತರೇ, ತಾವು ಮೊದಲೇ ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಶಾಲೆಯಲ್ಲಿ ಕನ್ನಡ ಕಲಿತದ್ದು ಏಳನೆಯ ತರಗತಿಯವರೆಗೆ ಮಾತ್ರ. ಮುಂದಿನದನ್ನು ಪುಸ್ತಕಗಳಿಂದ ಕೂಡಿಸಿಕೊಂಡೆ. ಆದ್ದರಿಂದ ಪ್ರತಿ ವಾಕ್ಯವನ್ನೂ ಬರೆದ ಮೇಲೆ, ಇದು ಸರಿಯಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ನನ್ನದು.

ದುಡಿಯಲು ಬಂದು ನೆಲೆಸಿದ ಕಳವಾ ಎಂಬ ಊರಿನ ನಮ್ಮ ಖೋಲಿಯಲ್ಲಿ, ಎಂದರೆ ಒಂದೇ ಕೋಣೆಯ ಮನೆಯಲ್ಲಿ, ಅಡುಗೆಕಟ್ಟೆಯ ಮೇಲಿನ ಮೊಳೆಗೆ, ಚಹಾ ಸೋಸುವ ಜಾಲರಿಯ ಪಕ್ಕದಲ್ಲಿ, ಒಂದು ಇಯರ್‌ಫೋನು ತೂಗುತ್ತಿರುತ್ತದೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ನಮ್ಮ ಖೋಲಿಗಳ ಸಾಲಿನಲ್ಲಿ ಹಗಲೆಂಬುದು ಎಲ್ಲರಿಗೂ ಹಗಲಲ್ಲ. ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಬಂದವರು ಯಾರಾದರೂ ಮಲಗಿಯೇ ಇರುತ್ತಾರೆ. ಹಾಡು ಕೇಳುವುದಿದ್ದರೆ ಇಯರ್‌ಫೋನಿನಲ್ಲಿಯೇ ಕೇಳಬೇಕು, ಕೇಳುವವರು ಇಬ್ಬರಿದ್ದರೆ ಒಂದೊಂದು ತುದಿ ಹಂಚಿಕೊಳ್ಳಬೇಕು ಎಂಬುದು ಯಾರೂ ಹೇಳದೆ ಎಲ್ಲರೂ ಪಾಲಿಸುವ ನಿಯಮ. ರೊಟ್ಟಿಯನ್ನು ಮುರಿದು ಹಂಚಿದರೆ ಎರಡೂ ಚೂರಿನಲ್ಲಿ ಅದೇ ರುಚಿ ಇರುವಂತೆ, ಧ್ವನಿಯನ್ನು ಮುರಿದು ಹಂಚಿದರೂ ಇಬ್ಬರಿಗೂ ಅದೇ ಹಾಡು ದೊರೆಯುತ್ತದೆಂದು ನಾವು ನಂಬಿದ್ದೆವು.

ಮಹಾಪೆ ಎಂಬ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಕಚೇರಿಯಲ್ಲಿ ಬೇಡವೆಂದು ಬದಿಗಿಟ್ಟ ಲ್ಯಾಪ್‌ಟಾಪೊಂದನ್ನು ಮನೆಗೆ ತಂದಿದ್ದೆ. ಹೊಸ ಕಾಲದ ಭಾರವನ್ನು ಹೊರಲಾರದಷ್ಟು ಹಳೆಯದು. ಅದಕ್ಕೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿದೆ. ಯಂತ್ರವು ಮರುಜನ್ಮ ಪಡೆದಂತೆ ಎದ್ದು ಕುಳಿತಿತು, ಆದರೆ ಮೂಕವಾಗಿ. ಧ್ವನಿಯ ಸೆಟ್ಟಿಂಗ್ಸ್ ತೆರೆದರೆ ಔಟ್‌ಪುಟ್ಟೊಂದು, ಪ್ರೊಫೈಲೊಂದು, ಡುಪ್ಲೆಕ್ಸ್ ಎಂಬುದಿನ್ನೊಂದು. ಒಂದು ಕಡೆ ಏರಿಸಿದ ಧ್ವನಿ, ನನಗೆ ಕಾಣದ ಮತ್ತೊಂದು ಕಡೆ ಇಳಿದೇ ಇರುತ್ತಿತ್ತು. ಒಳಗಿನದನ್ನು ಬಲ್ಲವರು ಒಳಗಿನದಕ್ಕೆ ಇಟ್ಟ ಹೆಸರುಗಳು ಅವು. ಹೊರಗೆ ಕುಳಿತವಳಿಗೆ ಗೊತ್ತಿರುವುದು ಕೇಳುತ್ತಿಲ್ಲ ಎಂಬುದೊಂದೇ. ಆದರೂ ಸಿಟ್ಟಾಗಲು ಮನಸ್ಸು ಬರಲಿಲ್ಲ. ಯಾರೋ ತಮ್ಮ ಬಿಡುವಿನ ವೇಳೆಯಲ್ಲಿ ಕಟ್ಟಿ, ಬಳಸಿಕೊಳ್ಳಿ ಎಂದು ಲೋಕಕ್ಕೆ ಒಪ್ಪಿಸಿದ ವಸ್ತುವಿನ ಮೇಲೆ ಯಾವ ಹಕ್ಕಿನಿಂದ ಸಿಟ್ಟಾಗುವುದು? ಕೊನೆಗೆ ಸ್ಪೀಕರಿನ ಆಸೆ ಬಿಟ್ಟೆ. ಇಯರ್‌ಫೋನಿನಲ್ಲಿ ಮಾತ್ರ ಧ್ವನಿ ಬಂತು. ನಮಗೆ ಅಷ್ಟು ಸಾಕಾಗಿತ್ತು.

ಆ ದಿನಗಳಲ್ಲಿಯೇ ಕಲಬುರಗಿಯ ಕಡೆಯ ನಮ್ಮೂರಿನಿಂದ ಬಂದವರೊಬ್ಬರು, ಸೋದರಮಾವ ಶ್ರಾವಣದ ಭಜನೆಯಲ್ಲಿ ಹಾಡಿದ್ದನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ಭಾನುವಾರ ಮಧ್ಯಾಹ್ನ ಅವ್ವ ಅಪ್ಪ ಲ್ಯಾಪ್‌ಟಾಪಿನ ಮುಂದೆ ಕುಳಿತರು. ಅವ್ವ ಎಂದಿನಂತೆ ಅಪ್ಪನ ಎಡಕ್ಕೆ. ಎಡದ ತುದಿ ಅವಳಿಗೆ, ಬಲದ ತುದಿ ಅಪ್ಪನ ಬಲಗಿವಿಗೆ. ಭಜನೆ ಹಚ್ಚುತ್ತಲೇ ಅವ್ವನ ಕಣ್ಣುಗಳು ತುಂಬಿದವು. ಅಣ್ಣನ ದನಿ ಇನ್ನೂ ಹಾಗೆಯೇ ಇದೆಯೆಂದಳು. ಅಪ್ಪ ಹುಬ್ಬು ಗಂಟಿಕ್ಕಿ, ತನಗೆ ಬರೀ ಏಕತಾರಿ ಕೇಳುತ್ತಿದೆ, ಹಾಡುವವರು ಯಾರೂ ಇಲ್ಲವೆಂದರು.

"ನನ್ನ ತವರಮನಿಯವರ ದನಿ ನಿಮಗ ಯಾವಾಗ ಕೇಳ್ಯದ?" ಎಂದಳು ಅವ್ವ.

ಅಪ್ಪ ನಗಲಿಲ್ಲ. ತುದಿಯನ್ನು ಕಿವಿಯಿಂದ ತೆಗೆದು ಅವಳ ಮಡಿಲಲ್ಲಿಟ್ಟು ಎದ್ದು ಹೋದರು.

ಮಹಾಪೆಯಲ್ಲಿಯೇ ಒಂದು ಕಾರ್ಖಾನೆಯ ಲಾರಿ ಗೇಟಿನಲ್ಲಿ ಅಪ್ಪ ಕಾವಲುಗಾರರು. ಮರುದಿನ ಇಬ್ಬರೂ ಕೂಡಿ ಕೆಲಸಕ್ಕೆ ಹೊರಟಾಗ ದಾರಿಯಲ್ಲಿ ಹೇಳಿದರು: "ನನ್ನ ಕಿವಿ ಹೋಗ್ಯದ, ಮಗಳ. ಗೇಟಿನ್ಯಾಗ ನಿಂತವಗ ಕಿವಿ ಬೇಕು. ಹಿಂದಕ್ಕ ಬರೋ ಲಾರಿ ಸಪ್ಪಳ ಕೇಳಲಿಲ್ಲಂದ್ರ ಯಾರದರ ಜೀವ ಹೋಗ್ತದ. ಈ ತಿಂಗಳ ಮುಗಸಿ ಬಿಡ್ತೀನಿ, ಊರಿಗೆ ಹೋಗ್ತೀನಿ."

ನನ್ನ ಮಾತನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರ ಕಿವಿ ಹೋಗಿದೆಯೆಂದರೆ ಹೇಗೆ ನಂಬುವುದು? ಆದರೆ ಅಪ್ಪನ ಭಯಕ್ಕೆ ನನ್ನ ತರ್ಕ ತಾಗಲಿಲ್ಲ. ನನಗೆ ಅನುಮಾನವಿದ್ದದ್ದು ಆ ಯಂತ್ರದ ಮೇಲೆ. ಅಂದು ಬಿಡುವಿನಲ್ಲಿ ಲಿನಕ್ಸ್ ಬಳಸುವವರ ಒಂದು ಅಂತರ್ಜಾಲ ವೇದಿಕೆಯಲ್ಲಿ, ನನ್ನ ಇಂಗ್ಲಿಷಿನ ಬಗ್ಗೆಯೂ ಮೊದಲೇ ಕ್ಷಮೆ ಕೇಳಿ, ನಡೆದದ್ದನ್ನೆಲ್ಲ ಬರೆದೆ. ಯಾವ ದೇಶದವರೋ ತಿಳಿಯದು, ಒಬ್ಬರು ಸಾವಧಾನವಾಗಿ ಉತ್ತರಿಸಿದರು. ಸೆಟ್ಟಿಂಗ್ಸಿನಲ್ಲಿ ಎಡಕ್ಕೊಂದು ಬಲಕ್ಕೊಂದು ಪರೀಕ್ಷೆಯ ಗುಂಡಿಯಿದೆ, ಒತ್ತಿದರೆ ಆ ಕಡೆಯ ತುದಿಯಲ್ಲಿ ಮಾತ್ರ ದನಿ ಬರುತ್ತದೆ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಒತ್ತಿರಿ, ನಿಮ್ಮ ತಂದೆಗೆ ಏನು ಕೇಳಿಸುತ್ತದೆಂದು ಅವರನ್ನೇ ಕೇಳಿರಿ ಎಂದು.

ಸಂಜೆ ಅಪ್ಪನ ಎರಡೂ ಕಿವಿಗೆ ಇಯರ್‌ಫೋನು ಹಾಕಿಸಿ ಎಡದ ಗುಂಡಿ ಒತ್ತಿದೆ. ಅಪ್ಪ ನನ್ನ ಮುಖ ನೋಡುತ್ತ ಕುಳಿತರು. ಮತ್ತೆ ಒತ್ತಿದೆ. "ಇನ್ನಾ ಚಾಲೂ ಮಾಡಿಲ್ಲೇನು?" ಎಂದರು. ಬಲದ ಗುಂಡಿ ಒತ್ತಿದೆ. ಅಪ್ಪನ ತಲೆ ತಟ್ಟನೆ ಹೊರಳಿತು.

"ಯಾವಾಕಿನೋ ರೈಟ್ ಅಂದ್ಲು."

ಧ್ವನಿ ತಗ್ಗಿಸಿ ಒತ್ತಿದೆ, ಕೇಳಿತು. ಇನ್ನೂ ತಗ್ಗಿಸಿದೆ; ಆಗಲೂ ಕೇಳಿತು. ಎಡದ ತುದಿಯನ್ನು ನನ್ನ ಕಿವಿಗೆ ಹಾಕಿ ಎಡದ ಗುಂಡಿ ಒತ್ತಿ ನೋಡಿದೆ. ಹೆಂಗಸಿನ ದನಿ ಗಂಟೆಯಷ್ಟು ಸ್ಪಷ್ಟವಾಗಿತ್ತು. ಆಮೇಲೆ ಮಾವನ ಭಜನೆ ಹಚ್ಚಿ, ಬಲದ ತುದಿಯನ್ನು ಅವ್ವನಿಗೆ ಕೊಟ್ಟೆ. "ಅಯ್ಯ, ಅಣ್ಣ ಎಲ್ಲಿ ಹ್ವಾದ?" ಎಂದಳು ಅವಳು. ಅವಳಿಗೂ ಕೇಳಿದ್ದು ಬರೀ ಏಕತಾರಿ. ಊರಿನಲ್ಲಿ ಎರಡು ಮೈಕು ಇಟ್ಟು ಧ್ವನಿಮುದ್ರಿಸಿದವರು, ಮಾವನ ದನಿಯನ್ನು ಎಡಕ್ಕೂ ಏಕತಾರಿಯನ್ನು ಬಲಕ್ಕೂ ಬೇರೆ ಬೇರೆಯಾಗಿ ಇಟ್ಟಿದ್ದರು.

ಅಪ್ಪನ ಬಲಗಿವಿ ನೆಟ್ಟಗಿತ್ತು. ಆದರೆ ಎಡಗಿವಿ? ನಾನು ಕೇಳುವ ಮೊದಲೇ ಅಪ್ಪ ತಲೆ ತಗ್ಗಿಸಿದರು.

"ಅದು ಹೋಗಿ ಭಾಳ ವರ್ಷ ಆಯ್ತು. ತಗಡಿನ ಪತ್ರಾ ಬಡಿಯೋ ಕಾರ್ಖಾನ್ಯಾಗ ಇದ್ದಾಗೇ ಹೋಯ್ತು. ನೀವು ಅಂಜ್ತೀರಂತ ಹೇಳಿಲ್ಲ. ಉಳಿದದ್ದು ಇದೊಂದೇ, ಇದೂ ಹೋಯ್ತು ಅನಕೊಂಡಿದ್ದೆ."

ಆಮೇಲೆ ಅವ್ವ, ಮದುವೆಯಾದಾಗಿನಿಂದ ಅಪ್ಪನ ಎಡಕ್ಕೇ ಕುಳಿತವಳು, ನಿಧಾನವಾಗಿ ಕೇಳಿದಳು: "ಹಂಗಾರ ಇಷ್ಟ ವರ್ಷ ನಾ ಬೈದದ್ದೆಲ್ಲಾ ಎಲ್ಲಿಗೆ ಹೋಯ್ತು?"

"ಅದರಿಂದೇ ಉಳಕೊಂಡೀನಿ" ಎಂದರು ಅಪ್ಪ. ಅವ್ವ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇದನ್ನೆಲ್ಲ ತಿಳಿಸಿದಾಗ ವೇದಿಕೆಯ ಆ ಅಪರಿಚಿತರು ಯಂತ್ರಕ್ಕೆ ಕೊಡುವ ಎರಡು ಸಾಲಿನ ಆಜ್ಞೆಯೊಂದನ್ನು ಬರೆದು ಕಳಿಸಿದರು. ಅದನ್ನು ಹಾಕಿದ ಮೇಲೆ ಎರಡೂ ತುದಿಗಳಲ್ಲಿ ದನಿಯೂ ಏಕತಾರಿಯೂ ಕೂಡಿಯೇ ಬರುತ್ತವೆ. ಇಷ್ಟು ಸಣ್ಣ ಅನುಕೂಲಕ್ಕೆ ಒಂದು ಗುಂಡಿಯಿರಬಾರದಿತ್ತೇ ಎಂದು ತಾವು ಕೇಳಬಹುದು. ಇರಬೇಕಿತ್ತು, ನಿಜ. ಪ್ರತಿಯೊಬ್ಬರಿಗೂ ಎರಡು ಕಿವಿ ಇರುತ್ತವೆ, ಎರಡು ತುದಿಗಳೂ ಒಬ್ಬರವೇ ಆಗಿರುತ್ತವೆ ಎಂದು ಅದನ್ನು ಕಟ್ಟಿದವರು ಎಣಿಸಿರಬೇಕು. ಆದರೆ ಅವರನ್ನು ದೂರುವ ಮೊದಲು ನಾನು ನಮ್ಮ ಮನೆಯನ್ನು ನೆನೆಯುತ್ತೇನೆ. ಒಂದೇ ಖೋಲಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಬದುಕಿದ ನಾವೂ ಹಾಗೆಯೇ ಎಣಿಸಿದ್ದೆವು. ಅರ್ಥವಾಗದ ಹೆಸರುಗಳ ಆ ಗೊಂದಲದ ನಡುವೆ ಯಾರೋ ಒಬ್ಬರು, ಕೇಳುವವನಿಗೆ ಕೇಳಿಸುತ್ತಿದೆಯೇ ಎಂದು ವಿಚಾರಿಸುವ ಗುಂಡಿಯನ್ನಾದರೂ ಇಟ್ಟಿದ್ದರು. ನಮ್ಮ ಮಾತುಕತೆಯಲ್ಲಿ ಅದೂ ಇರಲಿಲ್ಲ.

ಅಪ್ಪ ಕೆಲಸ ಬಿಡಲಿಲ್ಲ, ಊರಿಗೂ ಹೋಗಲಿಲ್ಲ. ಕಿವಿಯ ವೈದ್ಯರಿಗೆ ತೋರಿಸಿದೆವು, ಬಲಗಿವಿಗೆ ತೊಂದರೆಯಿಲ್ಲವೆಂದರು. ಎಡಗಿವಿಯ ವಿಷಯವನ್ನು ಅಪ್ಪ ತಾವಾಗಿಯೇ ಸೂಪರ್‌ವೈಸರಿಗೆ ತಿಳಿಸಿದರು. ಈಗ ಲಾರಿ ಗೇಟು ಬಿಟ್ಟು, ಜನರು ನಡೆದು ಬರುವ ಗೇಟಿನಲ್ಲಿ ನಿಲ್ಲುತ್ತಾರೆ. ಅವ್ವ ಅಪ್ಪನ ಬಲಕ್ಕೆ ಕುಳಿತುಕೊಳ್ಳುತ್ತಾಳೆ, ಬೈಯುವಾಗಲೂ.