ವಿಂಚಿನ ಹಸನಬ್ಬ ಹೇಳಿದ ಸಾಕ್ಷಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆರ್.ಟಿ. ನಗರದಲ್ಲಿ ಹೊಸದಾಗಿ ವಕೀಲಿ ಶುರುಮಾಡಿದ್ದೆ. ಬರುತ್ತಿದ್ದುದೆಲ್ಲ ಬಾಡಿಗೆ, ಸೈಟುಗಳ ತಕರಾರು. ಸಮುದ್ರವನ್ನೇ ನೋಡದ ನನ್ನ ಬಳಿ ಹಡಗಿನ ಕೇಸು ತಂದವನು ಚಿಕ್ಕಜಾಲದ ಮುನಿಯಪ್ಪ. ಮಂಗಳೂರಿನ ಬಂದರಿನಲ್ಲಿ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಹಡಗಿಗೆ ಸರಕು ತುಂಬುತ್ತಿದ್ದ. ಹಡಗಿನ ಒಡಲಿನಲ್ಲಿ ನಿಂತಿದ್ದಾಗ ಮೇಲಿನಿಂದ ಇಳಿದ ಕಲ್ಲಿನ ದಿಮ್ಮಿ ಬಲಗಾಲನ್ನು ಜಜ್ಜಿತ್ತು. ಮೊಣಕಾಲಿನ ಮೇಲಕ್ಕೆ ಕತ್ತರಿಸಿದ್ದರು.

"ಕಂಟ್ರಾಕ್ಟರು ಹಡಗಿನೋರ್ನ ಕೇಳು ಅಂತಾನೆ. ಹಡಗು ಒಂಟೋಗೈತೆ. ಯಾರ್ನ ಕೇಳ್ಲಿ ಸಾಮಿ?" ಎಂದ.

ಕೆಲಸದ ವೇಳೆ ಕಾರ್ಮಿಕನಿಗೆ ಪೆಟ್ಟಾದರೆ, ಅದು ಹಡಗಿನ ಮೇಲಾದರೂ ಸರಿ, ಕೆಲಸ ಕೊಟ್ಟವನೇ ಹೊಣೆ ಎನ್ನುತ್ತದೆ ಕಾರ್ಮಿಕ ಪರಿಹಾರ ಕಾಯಿದೆ. ಆದರೆ ಸುರಕ್ಷತೆಯ ಆದೇಶವನ್ನು ಕಾರ್ಮಿಕ ಬೇಕೆಂದೇ ಮೀರಿದ್ದರೆ ಮಾಲೀಕ ತಪ್ಪಿಸಿಕೊಳ್ಳಬಹುದು. ಮಂಗಳೂರಿನ ಪರಿಹಾರ ಆಯುಕ್ತರಲ್ಲಿ ಅರ್ಜಿ ಹಾಕಿದಾಗ ಕಂಟ್ರಾಕ್ಟರ್ ಅದನ್ನೇ ಹಿಡಿದುಕೊಂಡ. "ಕೆಳಗೆ ನಿಲ್ಲಬೇಡ ಅಂದರೂ ಕೇಳಲಿಲ್ಲ" ಎಂದು ಬರೆದುಕೊಟ್ಟ.

ಅಂದು ಭಾರ ಎತ್ತಿಳಿಸುವ ವಿಂಚ್ ನಡೆಸಿದವನು ಹಸನಬ್ಬ. ಅದೇ ಕಂಟ್ರಾಕ್ಟರನ ಆಳು. ಅವನು ಬಾಯಿ ಬಿಡುವುದಿಲ್ಲವೆಂದೇ ಅಂದುಕೊಂಡು ಹುಡುಕಿ ಹೋದೆ.

"ಒಡಲಿನೊಳಗೆ ನೋಡಿ ನನಗೆ ಸಿಗ್ನಲ್ ಕೊಡುವವನನ್ನು ಮೇಸ್ತ್ರಿ ಬೇರೆ ಕಡೆ ಕಳಿಸಿದ್ದ ಮಾರಾಯ್ರೆ. ಒಳಗೆ ಯಾರಿದ್ದಾರೆ ಅಂತ ನನಗೆ ಕಾಣುವುದಿಲ್ಲ. ಮೇಸ್ತ್ರಿ ಬೇಗ ಬೇಗ ಅಂದ, ಇಳಿಸಿಬಿಟ್ಟೆ."

"ಇದನ್ನ ವಿಚಾರಣೆಯಲ್ಲಿ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ" ಎಂದು ಎಚ್ಚರಿಸಿದೆ.

"ಅವನ ಕಾಲು ಹೋಗಿದೆಯಲ್ಲ?" ಎಂದ ಹಸನಬ್ಬ.

ವಿಚಾರಣೆಯ ದಿನ ಒಗೆದ ಬಿಳಿ ಅಂಗಿ ತೊಟ್ಟು ಬಂದ. ಪರಿಹಾರ ಆಯುಕ್ತರ ಮುಂದೆ ಎಲ್ಲವನ್ನೂ ಹೇಳಿದ. ಎದುರು ವಕೀಲರು ಎದ್ದು, "ಹಾಗಾದರೆ ತಪ್ಪು ನಿನ್ನದೇ ಅಲ್ಲವೇ?" ಎಂದರು.

"ನನ್ನದೂ ಉಂಟು ಸ್ವಾಮಿ. ಮೇಸ್ತ್ರಿಯದೂ ಉಂಟು. ಮುನಿಯಪ್ಪನದು ಮಾತ್ರ ಇಲ್ಲ. ಕೆಳಗೆ ನಿಲ್ಲಬೇಡ ಅಂತ ಅವನಿಗೆ ಯಾರೂ ಹೇಳಿರಲೇ ಇಲ್ಲ."

ಜೊತೆಗಾರನ ತಪ್ಪಿನಿಂದ ಪೆಟ್ಟಾದರೂ ಮಾಲೀಕನ ಹೊಣೆ ತಪ್ಪುವುದಿಲ್ಲ. ಕೇಸು ಅಲ್ಲೇ ಗೆದ್ದಂತಾಗಿತ್ತು. ಹೊರಗೆ ಹಸನಬ್ಬ ತಲೆ ಎತ್ತದೆ ನಿಂತಿದ್ದ. ಮುನಿಯಪ್ಪ ಊರುಗೋಲು ಊರಿಕೊಂಡು ಹತ್ತಿರ ಹೋದ. "ನೀನ್ ಬರ್ದೇ ಇದ್ದಿದ್ರೆ ನಾನೇ ಸುಳ್ಗಾರ ಆಗ್ಬಿಡ್ತಿದ್ದೆ ಕಣಣ್ಣ" ಎಂದು ಅವನ ಹೆಗಲು ಹಿಡಿದ. ಇಬ್ಬರೂ ಹಾಗೆಯೇ ಮೆಟ್ಟಿಲಿಳಿದರು.

ಆದೇಶ ಮುನಿಯಪ್ಪನ ಪರವಾಗಿ ಬಂತು. ಹಸನಬ್ಬನ ಕೆಲಸ ಹೋಯಿತು. ಮೀನಿನ ದೋಣಿಗೆ ಸೇರಿಕೊಂಡನೆಂದು ಆಮೇಲೆ ತಿಳಿಯಿತು.

ಅಂದಿನಿಂದ ಅಪಘಾತದ ಕೇಸು ಬಂದಾಗಲೆಲ್ಲ ಕಾಯಿದೆ ಪುಸ್ತಕಕ್ಕೆ ಕೈಹಾಕುವ ಮೊದಲು ಆ ಹೊತ್ತಿನಲ್ಲಿ ಜೊತೆಗಿದ್ದವರನ್ನು ಹುಡುಕಿ ಹೋಗುತ್ತಿದ್ದೆ. ಕಳೆದುಕೊಳ್ಳಲು ಏನಾದರೂ ಇರುವವನು ನಿಜ ಹೇಳಲಾರ ಎಂದು ಕೇಳುವ ಮೊದಲೇ ತೀರ್ಮಾನಿಸುವ ಚಾಳಿಯನ್ನು ಹಸನಬ್ಬ ನನ್ನಿಂದ ಬಿಡಿಸಿದ್ದ.