ಕಾಲಿಗೆ ಅರಿಶಿನ ದಾರ ಕಟ್ಟಿದ ಬೆಳವ

ಮೊಮ್ಮಕ್ಕಳೇ, ಶ್ರೇಯಾ, ಸಮರ್ಥ, ನಿನ್ನೆ ನೀವು ಮೊಬೈಲಿನಲ್ಲಿ ಒಂದು ಹಕ್ಕಿಯ ಕೂಗು ಕೇಳಿಸಿದಿರಲ್ಲ, ನಾನು ಕಡೆಯುತ್ತಿದ್ದ ಮಜ್ಜಿಗೆ ಬಿಟ್ಟು ಹೊರಗೆ ಬಂದು ಬೇವಿನ ಮರ ನೋಡಿದೆ. ಮರದಲ್ಲಿ ಏನೂ ಇರಲಿಲ್ಲ. ಕೂಗು ಅಮೆರಿಕದ್ದು ಎಂದು ನೀವು ನಕ್ಕಿರಿ. ಆದರೆ ಹಕ್ಕಿ ಕುತ್ತಿಗೆಯಲ್ಲಿ ಕಪ್ಪು ಗೆರೆಯಿರುವ, ಪಾರಿವಾಳದಂಥ, ನಮ್ಮ ಕಡೆಯದೇ ಬೆಳವ. ಯಾವುದೋ ದ್ವೀಪದಲ್ಲಿ ಪಂಜರದಿಂದ ಹೊರಬಿದ್ದ ಕೆಲವು ಹಕ್ಕಿಗಳು ಸಮುದ್ರ ದಾಟಿ, ಈಗ ಆ ಖಂಡದ ತುಂಬ ಹಬ್ಬಿವೆ ಎಂದು ಓದಿ ಹೇಳಿದಿರಿ. ನನಗೆ ಕಾಕುವಿನ ನೆನಪಾಯಿತು...

ನಾನು ಕಲ್ಲೋಳಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಲ್ಲಿದ್ದ ಹಿರಿಯ ಹೆಂಗಸನ್ನು ಚಿಕ್ಕಮ್ಮ ಎನ್ನುವಂತೆ ಕಾಕು ಎಂದು ಕರೆಯುತ್ತಿದ್ದೆವು. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ. ಇರುವೆಯ ಸಾಲು ಕಂಡರೂ ಸುತ್ತುಹಾಕಿ ನಡೆಯುತ್ತಿದ್ದರು. ಮೂಡಲಗಿ ಸಂತೆಯ ದಿನ ಹಕ್ಕಿ ಹಿಡಿಯುವವನೊಬ್ಬ ಬುಟ್ಟಿ ಹೊತ್ತು ಅವರ ಬಾಗಿಲ ಮುಂದೆ ಹಾದುಹೋಗುತ್ತಿದ್ದ. ಒಳಗಿನ ಬೆಳವಗಳು ಸಂತೆಯಲ್ಲಿ ಮಾಂಸಕ್ಕೆ ಹೋಗುವಂಥವು. ಕಾಕು ಅವನಿಗೆ ಮೊರದ ತುಂಬ ಜೋಳ ಕೊಟ್ಟು ಅವನ್ನೆಲ್ಲ ಬಿಡಿಸಿಕೊಳ್ಳುತ್ತಿದ್ದರು. ಒಂದೊಂದರ ಕಾಲಿಗೂ ಅರಿಶಿನ ದಾರ ಕಟ್ಟಿ ಬೇವಿನ ಮರಕ್ಕೆ ಹಾರಿಸುತ್ತಿದ್ದರು. ದೇವರಿಗೆ ಬಿಟ್ಟ ಹೋರಿಯನ್ನು ಯಾರೂ ಕಟ್ಟುವುದಿಲ್ಲ, ಹಾಗೆಯೇ ಇವನ್ನೂ ಯಾರೂ ಮುಟ್ಟಲಾರರು ಎಂದು ಅವರ ನಂಬಿಕೆ.

ಒಂದು ಸಂತೆಯ ದಿನ ಬುಟ್ಟಿ ತೆರೆದರೆ, ಒಳಗಿದ್ದ ಎಲ್ಲ ಹಕ್ಕಿಗಳ ಕಾಲಲ್ಲೂ ದಾರವಿತ್ತು.

"ದೇವರಿಗೆ ಬಿಟ್ಟೂವು ಇವು. ದಾರ ಕಾಣಲಿಲ್ಲೇನೋ ನಿನಗ?" ಎಂದರು ಕಾಕು.

"ದಾರ ನೋಡೇ ಹಿಡದೇನ್ರಿ ಅವ್ವಾರ. ದಾರ ಇದ್ದೂವ್ನ ನೀವು ಒಲ್ಲೆ ಅನ್ನಂಗಿಲ್ಲಲ್ರಿ," ಎಂದು ಅವನು ನಕ್ಕ. "ಬ್ಯಾಡಂದ್ರ ಸಂತಿಗೆ ಒಯ್ತೇನಿ."

ಕಾಕು ಬುಟ್ಟಿಯ ಮುಂದೆ ಕೂತುಬಿಟ್ಟರು. ಕೊಂಡರೆ ಅವನು ಮತ್ತೆ ಬಲೆ ಹಾಕುತ್ತಾನೆ. ಕೊಳ್ಳದಿದ್ದರೆ ಇವು ಸಂಜೆಯವರೆಗೆ ಉಳಿಯುವುದಿಲ್ಲ.

"ತಂಗಿ, ನೀ ಸಾಲಿ ಕಲತಾಕಿ. ಏನ್ ಮಾಡ್ಲೆ ಹೇಳು," ಎಂದು ನನ್ನತ್ತ ನೋಡಿದರು.

ನಮ್ಮ ಸಾಲೆಯಲ್ಲಿ ಇಂಥದ್ದನ್ನು ಹೇಳಿಕೊಟ್ಟಿರಲಿಲ್ಲ... ಕಾಕು ಎದ್ದು ಒಳಗೆ ಹೋಗಿ, ಮತ್ತೆ ಮೊರ ತುಂಬಿ ತಂದರು. ಆ ದಿನ ಹೊಸ ದಾರ ಕಟ್ಟಲಿಲ್ಲ. ದಾರದ ಗುರುತು ನೋಡಿ ಅವನು ಮತ್ತೆ ಹಿಡಿಯಬಾರದೆಂದು, ಇದ್ದ ದಾರಗಳನ್ನೂ ಒಂದೊಂದಾಗಿ ಬಿಚ್ಚಿ ಹಕ್ಕಿಗಳನ್ನು ಹಾರಿಸಿದರು. ಮುಂದಿನ ಸಂತೆಗೆ ಅವನು ದಾರವಿಲ್ಲದವನ್ನೂ ಹಿಡಿದು ತಂದ. ಕಾಕು ಅವನ್ನೂ ಕೊಂಡರು. ಮತ್ತೆ ಮತ್ತೆ ಬಲೆಗೆ ಸಿಕ್ಕು ನಲುಗಿಯೋ ಏನೋ, ಬರಬರುತ್ತ ಮರದಲ್ಲಿ ಕೂಗು ಕಡಿಮೆಯಾಯಿತು, ಬುಟ್ಟಿಯೂ ಹಗುರಾಯಿತು. ಆಮೇಲೆ ಅವನು ಬರುವುದು ನಿಂತಿತು. ಕಾಕುವೂ ತೀರಿಹೋದರು...

ನಿನ್ನೆ ನೀವು ಹೇಳಿದಾಗ, ಅಮೆರಿಕದಲ್ಲಿ ಇಷ್ಟೊಂದು ಬೆಳವಗಳಿವೆ ಎಂದು ಕೇಳಿದ್ದರೆ ಅವರು ಎಷ್ಟು ಹಿಗ್ಗುತ್ತಿದ್ದರು ಎಂದುಕೊಂಡೆ. ಅಷ್ಟರಲ್ಲಿ ಸಮರ್ಥ, ನೀನು ಮುಂದಿನದನ್ನು ಓದಿದೆ. ಹೊರಗಿನಿಂದ ಬಂದ ಹಕ್ಕಿಯೆಂದು ಅಲ್ಲಿ ಎಷ್ಟೋ ಕಡೆ ಅವನ್ನು ಎಷ್ಟು ಬೇಕಾದರೂ ಹೊಡೆದು ಕೊಲ್ಲಬಹುದಂತೆ. ಕಾಕು ಇದ್ದಿದ್ದರೆ 'ಏನ್ ಮಾಡ್ಲೆ ಹೇಳು' ಎಂದು ಮತ್ತೆ ನನ್ನನ್ನೇ ಕೇಳುತ್ತಿದ್ದರು.

ಆ ದಾರ ಕಟ್ಟುವ ಕೈಗಳನ್ನು ಕಂಡವರು ಈ ಓಣಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಅದಕ್ಕೇ ಇದನ್ನು ಬರೆದಿಟ್ಟೆ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಪ್ಪ.